ಅರ್ಧ ಗೆರಟೆ ಹಾಲು

ಕಲ್ಲಂತಡ್ಕ, ಕಡಬ ಅಂಚೆ
೧೪-೬-೧೯೫೯

ಪ್ರೇಮಕ್ಕನವರಿಗೆ ವಸುಮತಿಯ ನಮಸ್ಕಾರ.

ಬೈಯುವುದಿದ್ದರೆ ಮೊದಲು ಬೈದು ಮುಗಿಸಿ, ಆಮೇಲೆ ಓದಿ. ತಲುಪಿದ ದಿನವೇ ಬರೆಯುತ್ತೇನೆಂದು ಪುತ್ತೂರಿನಲ್ಲಿ ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದವಳೂ ನಾನೇ, ಹನ್ನೆರಡು ದಿನ ತಡಮಾಡಿದವಳೂ ನಾನೇ. ಬಸ್ಸು ಹೊಳೆಯ ದಡದಲ್ಲೇ ಇಳಿಸಿತು. ಅಲ್ಲಿಂದ ದೋಣಿ, ದೋಣಿ ಇಳಿದ ಮೇಲೆ ನಡಿಗೆ. ಕಡವಿನಲ್ಲಿ ದೋಣಿ ನಡೆಸುವ ಕುಂಞಿ ಮೋನು ನನ್ನ ಟ್ರಂಕನ್ನು ಎತ್ತಿ, "ಎಂತ ಟೀಚರೇ, ಇದರೊಳಗೆ ಕಲ್ಲು ಉಂಟಾ?" ಎಂದು ಕೇಳಿದರು. ಪ್ರೇಮಕ್ಕನ ಪಾಠದ ನೋಟ್ಸು ಉಂಟು ಎಂದೆ.

ಗ್ರಾಮಸೇವಿಕೆ ಎಂದರೆ ಏನೆಂದು ಇಲ್ಲಿ ಯಾರಿಗೂ ತಿಳಿಯದು. ಮಕ್ಕಳನ್ನು ಕೂರಿಸಿಕೊಳ್ಳುವವಳಾದ್ದರಿಂದ ಟೀಚರ್ ಎಂದೇ ಕರೆಯುತ್ತಾರೆ. ಪಟೇಲರು ಬಿಟ್ಟುಕೊಟ್ಟ ಹುಲ್ಲಿನ ಮಾಡಿನ ಕೊಟ್ಟಿಗೆಯೇ ನಮ್ಮ ಬಾಲವಾಡಿ. ಮಕ್ಕಳು ಇಪ್ಪತ್ತಾರು. ಹಾಡಿಗೆ ಹದಿನೈದು ಜನ ಇರುತ್ತಾರೆ, ಹತ್ತು ಗಂಟೆಯ ಹಾಲಿಗೆ ಮಾತ್ರ ಇಪ್ಪತ್ತಾರೂ ಹಾಜರು! ನೀವು ಕಲಿಸಿದ ಹಾಗೆ ನೀರನ್ನು ಕುದಿಸಿ, ಹಾಲಿನ ಪುಡಿ ಕಲಸಿ, ಬಿಸಿ ಇರುವಾಗಲೇ ಹಂಚುತ್ತೇನೆ. ನೀವು ಹೇಳಿದ ನಿಯಮವನ್ನೂ ಗೋಡೆಗೆ ಸುಣ್ಣದಲ್ಲಿ ಬರೆದಿದ್ದೇನೆ: ಹಾಲನ್ನು ಇಲ್ಲಿಯೇ ಕುಡಿಯಬೇಕು, ಮನೆಗೆ ಒಯ್ಯಬಾರದು.

ಆ ನಿಯಮದ ವಿಷಯದಲ್ಲೇ ನನಗೊಂದು ತಕರಾರು ಉಂಟು. ಅಮ್ಮು ಎಂಬ ಆರು ವರ್ಷದ ಹುಡುಗಿ ಇದ್ದಾಳೆ. ಲೋಟವಿಲ್ಲ, ಚೆನ್ನಾಗಿ ಉಜ್ಜಿದ ತೆಂಗಿನ ಗೆರಟೆ ತರುತ್ತಾಳೆ. ಅರ್ಧ ಕುಡಿಯುತ್ತಾಳೆ, ಉಳಿದರ್ಧದ ಮೇಲೆ ಉಪ್ಪಳಿಗೆ ಎಲೆ ಮುಚ್ಚಿ ಎದ್ದು ಹೊರಡುತ್ತಾಳೆ. ಮೊನ್ನೆ ತಡೆದು ಕೇಳಿದೆ.

"ಎಲ್ಲಿಗೆ ಹೋಗುದು?"

"ಮನೆಗೆ. ತಮ್ಮನಿಗೆ ಹಾಲು ಬೇಕು."

"ಮನೆಗೆ ತಗೊಂಡು ಹೋಗ್ಲಿಕ್ಕಿಲ್ಲ ಅಮ್ಮು."

"ನಿಮ್ಮದು ತಗೊಂಡು ಹೋಗುದಲ್ಲ ಟೀಚರೇ. ಇದು ನನ್ನ ಪಾಲಿನದ್ದು."

ನಿಯಮ ನೆನಪಾಗಿ ಅಲ್ಲೇ ಕುಡಿಸಿದೆ. ಅಳಲಿಲ್ಲ, ಹಟ ಮಾಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕುಡಿದು ಮುಗಿಸಿದಳು. ಅಂದಿನಿಂದ ನನಗೆ ಆ ನಿಯಮದ ಮೇಲೆ ಸಿಟ್ಟು. ಅದಕ್ಕೆ ಕಾರಣ ಏನೆಂದು ತಿಳಿಸಿ.

ನಿಮ್ಮ
ವಸುಮತಿ


ಪುತ್ತೂರು
೨೨-೬-೧೯೫೯

ಚಿ. ವಸುಮತಿಗೆ ಆಶೀರ್ವಾದ.

ನೀನು ಹೇಳಿದ ಕ್ರಮದಲ್ಲೇ ಮಾಡಿದೆ. ಮೊದಲು ಬೈದೆ, ಆಮೇಲೆ ಓದಿದೆ. ಹೊಸಬಳಿಗೆ ಇಪ್ಪತ್ತಾರು ಮಕ್ಕಳು ಕಡಿಮೆಯಲ್ಲ.

ಕಾರಣ ಕೇಳಿದ್ದೀ. ಮನೆಗೆ ಹೋದ ಹಾಲು ಯಾರ ಹೊಟ್ಟೆ ಸೇರುತ್ತದೆಂದು ಹೇಳಲಾಗುವುದಿಲ್ಲ. ನೆಂಟರು ಬಂದರೆ ಚಹಾಕ್ಕೆ ಹಾಕುತ್ತಾರೆ, ದೊಡ್ಡವರು ಕುಡಿದುಬಿಡುತ್ತಾರೆ, ಮಗುವಿಗೆ ಲೋಟ ತೊಳೆದ ನೀರು. ಎಷ್ಟೋ ವರ್ಷದಿಂದ ನೋಡಿದ್ದೇನೆ. ಇಷ್ಟು ಕಾರಣ ಸಾಕು. ಒಬ್ಬಳಿಗೆ ಬಿಟ್ಟರೆ ನಾಳೆ ಇಪ್ಪತ್ತಾರೂ ಎಲೆ ಮುಚ್ಚಿಕೊಂಡು ಹೊರಡುತ್ತವೆ.

ಇನ್ನೊಂದು ಮಾತು. ನಿನ್ನ ಕಾಗದದ ಅರ್ಧ ಭಾಗ ಒಬ್ಬ ಹುಡುಗಿಯ ವಿಷಯವೇ ಆಗಿದೆ. ಇದು ಒಳ್ಳೆಯ ಲಕ್ಷಣವಲ್ಲ. ತರಬೇತಿಯಲ್ಲಿ ನಾನು ಹೇಳಿದ್ದು ನೆನಪಿದೆಯೇ? ಸಂಜೆ ಬಿಡಾರಕ್ಕೆ ಬಂದಾಗ ಬಾಗಿಲ ಬಳಿಯ ಕಲ್ಲಿನ ಮೇಲೆ ನಿಂತು ಕಾಲು ತೊಳೆಯಬೇಕು. ಆ ದಿನ ಕಂಡ ಮನೆಗಳನ್ನೆಲ್ಲ ಆ ಕಲ್ಲಿನ ಮೇಲೆಯೇ ಬಿಟ್ಟು ಒಳಗೆ ಹೋಗಬೇಕು. ಒಳಗೆ ಕರೆದುಕೊಂಡು ಹೋದರೆ ನಿನಗೆ ಊಟ ಸೇರದು, ಮರುದಿನ ಅವರಿಗೂ ನಿನ್ನಿಂದ ಪ್ರಯೋಜನವಿಲ್ಲ. ಈ ಕೆಲಸದಲ್ಲಿ ಉಳಿದವರೆಲ್ಲ ಹೀಗೆ ಉಳಿದವರು.

ಆ ಹುಡುಗಿಯ ಮನೆಗೆ ಒಮ್ಮೆ ಹೋಗಿ ನೋಡಿ ಬಾ. ಕಂಡದ್ದನ್ನು ಮಾತ್ರ ದಿನಚರಿಯಲ್ಲಿ ಬರೆ, ಅಂದುಕೊಂಡದ್ದನ್ನಲ್ಲ. ಕೊಡೆ ಮರೆಯಬೇಡ.

ಇತಿ
ಪ್ರೇಮಾವತಿ


ಕಲ್ಲಂತಡ್ಕ
೯-೭-೧೯೫೯

ಪ್ರೇಮಕ್ಕ,

ಹೋಗಿ ನೋಡಿ ಬಂದೆ. ಎರಡು ತೋಡು ದಾಟಿ ಮೂರು ಮೈಲಿ ಗುಡ್ಡ. ಅಡಿಕೆ ಮರದ ಸಂಕದ ಮೇಲೆ ಅರ್ಧ ಕುಳಿತು, ಅರ್ಧ ತೆವಳಿ ದಾಟಿದೆ. ಕೊಡೆ ತೋಡಿಗೆ ಬಿತ್ತು. ಇದು ಕಂಡದ್ದು, ಅಂದುಕೊಂಡದ್ದಲ್ಲ.

ಮನೆಯಲ್ಲಿ ಅಜ್ಜಿ ದೇವಮ್ಮ, ಅಮ್ಮು, ಏಳು ತಿಂಗಳ ಗಂಡುಮಗು. ತಾಯಿ ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡಳಂತೆ. ಅಪ್ಪ ಚನಿಯಪ್ಪ ಮರ ಕಡಿಯುವ ಕೆಲಸಕ್ಕೆ ಘಟ್ಟದ ಬುಡಕ್ಕೆ ಹೋದವನು, ಬರುವುದು ದೀಪಾವಳಿಗೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಅವನು ಬಂದ ಮೇಲೆ ಇಡುವುದಂತೆ. ನಮ್ಮ ಕಡೆಯವರೇ, ನಮ್ಮ ಮನೆಮಾತೇ. ಬೆಳ್ಳಾರೆಯ ನಮ್ಮ ಅಜ್ಜಿ ಮಾತಾಡಿದ ಹಾಗೇ ಕೇಳಿಸಿತು. ಅವರ ಮಾತನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ಗಂಜಿಯ ತಿಳಿ ಕುಡಿಸುದು, ಮತ್ತೆಂತ ಉಂಟು?" ಎಂದರು ದೇವಮ್ಮ. ಮಗು ಅಳುವುದಿಲ್ಲ ಪ್ರೇಮಕ್ಕ. ಅಳಬೇಕಾದ ಮಗು ಸುಮ್ಮನೆ ನೋಡುತ್ತದೆ. ಕೈ ನನ್ನ ಎರಡು ಬೆರಳಿನಷ್ಟು ದಪ್ಪ ಇಲ್ಲ.

ಬಾಲವಾಡಿಗೆ ತನ್ನಿ, ನಾನೇ ಕುಡಿಸುತ್ತೇನೆ ಎಂದೆ. ಮಳೆ ಬಲಿಯುವ ಆಟಿ ತಿಂಗಳು ಕಾಲಿಡುವ ಹೊತ್ತಿನಲ್ಲಿ ತಾಯಿಯಿಲ್ಲದ ಕೂಸನ್ನು ನೀರು ದಾಟಿಸಬಾರದು ಎಂದರು. ಆ ಸಂಕ ದಾಟಿ ಬಂದ ನನಗೆ ವಾದಿಸುವ ಧೈರ್ಯ ಬರಲಿಲ್ಲ.

ಈಗ ನಿಮ್ಮ ಕಾರಣಕ್ಕೆ ಬರುತ್ತೇನೆ. ಈ ಮನೆಯಲ್ಲಿ ಚಹಾವೇ ಇಲ್ಲ. ನೆಂಟರೂ ಇಲ್ಲ. ನನಗೆ ಬೆಲ್ಲ-ನೀರು ಕೊಟ್ಟರು. ಆ ಬೆಲ್ಲದ ತುಂಡನ್ನು ಅಜ್ಜಿ ಹಲ್ಲಿಗೂ ಮುಟ್ಟಿಸುವವರಲ್ಲ. ಹಾಲನ್ನು ಕದ್ದು ಕುಡಿಯುವವರು ಯಾರು? ಒಂದು ವಾರಕ್ಕಾಗುವಷ್ಟು ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುತ್ತೇನೆ, ಈ ಒಂದು ಮನೆಗೆ ಮಾತ್ರ. ಅಪ್ಪಣೆ ಕೊಡಿ. ಕೂಡಲೇ ಬರೆಯಿರಿ. ಹೊಳೆ ಏರುತ್ತಿದೆ, ದೋಣಿ ಎಷ್ಟು ದಿನ ನಡೆಯುತ್ತದೋ ತಿಳಿಯದು.

ವಸುಮತಿ


ಪುತ್ತೂರು
೧೩-೭-೧೯೫೯

ಚಿ. ವಸುಮತಿ,

ಬೇಡ. ಏನೇ ಆದರೂ ಪುಡಿಯನ್ನು ಮನೆಗೆ ಕೊಡಬೇಡ.

ನೀನೇ ಹೋಗು. ದಿನಾ ಆಗದಿದ್ದರೆ ಎರಡು ದಿನಕ್ಕೊಮ್ಮೆ ಹೋಗು. ಬಾಲವಾಡಿಯ ಹಾಡು, ಹೊಲಿಗೆ ಎಲ್ಲ ಬಿಟ್ಟರೂ ಚಿಂತಿಲ್ಲ, ನಾನು ಮೇಲಿನವರಿಗೆ ಉತ್ತರ ಹೇಳುತ್ತೇನೆ. ನಿನ್ನ ಕೈಯಿಂದ ನೀರು ಕುದಿಸು, ನಿನ್ನ ಕೈಯಿಂದ ಕಲಸು, ನಿನ್ನ ಕಣ್ಣೆದುರೇ ಕುಡಿಸು, ಉಳಿದದ್ದನ್ನು ಚೆಲ್ಲಿ ಬಾ. ಮಳೆ ತುಸು ಬಿಟ್ಟ ಕೂಡಲೇ ನಾನೇ ಬರುತ್ತೇನೆ.

ಇದನ್ನು ಓದಿ ನಿನಗೆ ಸಿಟ್ಟು ಬರುತ್ತದೆ. ಬರಲಿ. ಕಾರಣ ಮುಖತಾ ಮಾತಾಡೋಣ.

ಪ್ರೇಮಾವತಿ


ಕಲ್ಲಂತಡ್ಕ
೨೫-೭-೧೯೫೯

ಪ್ರೇಮಕ್ಕನವರಿಗೆ,

ನಿಮ್ಮ ಉತ್ತರಕ್ಕೆ ಕಾದು ಕಾದು ಸಾಕಾಯಿತು. ಹನ್ನೆರಡು ದಿನದಿಂದ ದೋಣಿ ನಿಂತಿದೆ, ಟಪಾಲು ಹೊಳೆಯ ಆಚೆಯೇ ಕುಳಿತಿದೆ. ಇದನ್ನು ಒಣಮೀನಿನ ವ್ಯಾಪಾರದ ಆದಂ ಕುಂಞಿಯವರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಅವರು ಸುತ್ತು ದಾರಿಯಲ್ಲಿ ಉಪ್ಪಿನಂಗಡಿಗೆ ನಡೆದು ಹೋಗುತ್ತಾರಂತೆ. "ಹೊಳೆಗೆ ಹೆದರಿ ಕೂತ್ರೆ ಹೊಟ್ಟೆ ಕೇಳ್ತದಾ ಟೀಚರೇ?" ಎಂದು ನಗುತ್ತಾರೆ.

ನಾನು ಕೇಳಿದ ಅಪ್ಪಣೆಗೆ ಇನ್ನು ಉತ್ತರ ಬೇಡ. ಒಂದು ದಾರಿ ಸಿಕ್ಕಿತು. ಮಗು ಚೆನ್ನಾಗಿದೆ. ಮೊನ್ನೆ ಹೋದಾಗ ಕೆನ್ನೆ ತುಸು ತುಂಬಿದ ಹಾಗೆ ಕಂಡಿತು, ನನ್ನ ಸರವನ್ನು ಹಿಡಿದು ಎಳೆಯಿತು. ಅದು ಅತ್ತದ್ದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮದುವೆ ಮನೆಯಲ್ಲೂ ಅಷ್ಟು ಆಗಲಿಕ್ಕಿಲ್ಲ. ಅಮ್ಮು ಈಗ ತನ್ನ ಗೆರಟೆಯ ಹಾಲನ್ನು ಪೂರ್ತಿ ಕುಡಿಯುತ್ತಾಳೆ. ನಿಮಗೆ ಸಮಾಧಾನ ಆಗಬೇಕಾದ ಸುದ್ದಿ ಅಲ್ಲವೇ?

ಕಾಲನ್ನೂ ತೊಳೆಯುತ್ತಿದ್ದೇನೆ. ಅದಕ್ಕೆ ಇಲ್ಲಿ ನೀರಿನ ಬರವಿಲ್ಲ.

ವಸುಮತಿ


ಪುತ್ತೂರು
೩೦-೭-೧೯೫೯

ಚಿ. ವಸು,

ಆದಂ ಕುಂಞಿಯವರು ನಿನ್ನ ಕಾಗದವನ್ನು ಒಣಮೀನಿನ ವಾಸನೆಯ ಸಮೇತ ತಲುಪಿಸಿದರು. ಇದನ್ನೂ ಅವರ ಕೈಯಲ್ಲೇ ಕಳುಹಿಸುತ್ತೇನೆ.

ಓದಿ ಎದೆಯ ಮೇಲಿನ ಭಾರ ಇಳಿಯಿತು. ನನ್ನ ಹಿಂದಿನ ಕಾಗದ ತಲುಪದಿದ್ದರೂ ಅದರಲ್ಲಿ ಹೇಳಿದ್ದನ್ನೇ ಮಾಡಿದ್ದೀ ಎಂದು ಕಾಣುತ್ತದೆ. ದಾರಿ ಸಿಕ್ಕಿತು ಎಂದೆಯಲ್ಲ, ಯಾರ ಮನೆಯ ಆಡಿನ ಹಾಲು? ಅಥವಾ ದಿನಾ ಆ ಸಂಕ ದಾಟಿ ನೀನೇ ಹೋಗುತ್ತಿದ್ದೀಯಾ? ನೀನು ಅಂಥವಳೇ. ಹೊಸ ತಂಡದ ಹನ್ನೊಂದು ಹುಡುಗಿಯರಿಗೆ ಮೊನ್ನೆ ನಿನ್ನ ಕಥೆ ಹೇಳಿದೆ. ಮನಸ್ಸು ಕರಗಿದರೂ ನಿಯಮ ಬಿಡದೆ ದಾರಿ ಹುಡುಕಿದವಳು ಎಂದೆ. ಒಬ್ಬಳು ನಿನ್ನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಆರೋಗ್ಯ ನೋಡಿಕೋ.

ಪ್ರೇಮಾವತಿ


ಕಲ್ಲಂತಡ್ಕ
೧೦-೮-೧೯೫೯

ಪ್ರೇಮಕ್ಕ,

ಮಗು ಶುಕ್ರವಾರ ಬೆಳಿಗ್ಗೆ ಹೋಯಿತು.

ನಿಮ್ಮ ಮೆಚ್ಚುಗೆಯ ಕಾಗದ ಅದರ ಹಿಂದಿನ ದಿನ ಬಂದಿತ್ತು. ಆಡಿನ ಹಾಲಲ್ಲ ಪ್ರೇಮಕ್ಕ. ಜುಲೈ ಹದಿನೆಂಟರಂದು ಪುಡಿಯ ಪೊಟ್ಟಣ ಕಟ್ಟಿ ಅಮ್ಮುವಿನ ಕೈಯಲ್ಲಿ ಕೊಟ್ಟೆ. ಮತ್ತೆ ಎರಡು ಸಲ ಕೊಟ್ಟೆ. ನಿಮಗೆ ಬರೆಯಲಿಲ್ಲ. ಬರೆದರೆ ಬೇಡ ಎನ್ನುತ್ತೀರಿ ಎಂದು ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ.

ಮೊದಲ ಪೊಟ್ಟಣ ಕೊಟ್ಟು ಎರಡು ದಿನದ ಮೇಲೆ ಹೋಗಿ ದೇವಮ್ಮನಿಗೆ ಹೇಳಿಕೊಟ್ಟೆ. ನೀರನ್ನು ಕುದಿಸಿ ಎಂದೆ. ಮತ್ತೆ, "ಹಸುವಿನ ಹಾಲನ್ನು ಹೇಗೆ ನೋಡಿಕೊಳ್ತೀರಿ, ಇದನ್ನೂ ಹಾಗೇ ನೋಡಿಕೊಳ್ಳಿ" ಎಂದೂ ಹೇಳಿದೆ. ನಮ್ಮ ಮನೆಯಲ್ಲಿ ನಾಲ್ಕು ಹಸು. ಆ ಮಾತು ನನ್ನ ಬಾಯಿಗೆ ಸಲೀಸಾಗಿ ಬಂತು.

ದೇವಮ್ಮನಿಗೆ ಹಸು ಇಲ್ಲ, ಎಂದೂ ಇರಲಿಲ್ಲ. ಪ್ರಾಯದಲ್ಲಿ ದೊಡ್ಡವರ ಮನೆಯ ಕೆಲಸಕ್ಕೆ ಹೋಗುತ್ತಿದ್ದಾಗ, ಹಾಲಿನ ಪಾತ್ರೆಯನ್ನು ಒಲೆಯ ಬದಿಯ ಬೆಚ್ಚಗಿನ ಬೂದಿಯಲ್ಲಿ ಇಡೀ ದಿನ ಇಡುವುದನ್ನು ನೋಡಿದ್ದರು. ಹಾಗೆಯೇ ಮಾಡಿದರು. ಸೌದೆ ಒದ್ದೆ, ಒಲೆ ಉರಿಯುವುದು ದಿನಕ್ಕೆ ಒಮ್ಮೆ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಬೇಕಾದಷ್ಟನ್ನೂ ಕಲಸಿ ಬೂದಿಯಲ್ಲಿಟ್ಟು, ಸಂಜೆಯವರೆಗೆ ಅದನ್ನೇ ಕುಡಿಸಿದರು. ಸೋಮವಾರ ಭೇದಿ ಶುರುವಾಯಿತು. ಹಾಲು ಕುಡಿದರೆ ಬಲ ಬಂದೀತೆಂದು ಮತ್ತೆ ಅದನ್ನೇ ಕುಡಿಸಿದರು.

ನನಗೆ ಸುದ್ದಿ ಸಿಕ್ಕಿದ್ದು ಗುರುವಾರ ಸಂಜೆ. ಕಡಬದ ಕಂಪೌಂಡರ್ ತಿರುಮಲೇಶ್ವರರು ನನ್ನೊಂದಿಗೆ ನಡೆದು ಬಂದರು. ಪಾತ್ರೆಯನ್ನು ಮೂಸಿ ನೋಡಿ, "ಇದನ್ನು ಹೀಗೆ ಇಡ್ಲಿಕ್ಕೆ ಹೇಳಿದ್ದು ಯಾರು?" ಎಂದು ಕೇಳಿದರು. ದೇವಮ್ಮ ನನ್ನ ಕಡೆ ನೋಡಿದರು. ದೂರಿ ನೋಡಿದ್ದಲ್ಲ. ಟೀಚರೇ ಉತ್ತರ ಹೇಳಲಿ ಎಂಬ ಗೌರವದಿಂದ ನೋಡಿದರು.

ಮರಣದ ಫಾರಂನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟೆ. ನಾನು ಇನ್ನು ಈ ಕೆಲಸಕ್ಕೆ ಆಗುವವಳಲ್ಲ. ರಾಜೀನಾಮೆಯನ್ನು ಯಾರ ಹೆಸರಿಗೆ ಬರೆಯಬೇಕು, ತಿಳಿಸಿ.

ವಸುಮತಿ


ಪುತ್ತೂರು
೧೫-೮-೧೯೫೯

ಚಿ. ವಸುಮತಿ,

ಇಂದು ಕಚೇರಿಗೆ ರಜೆ. ಧ್ವಜ ಏರಿಸಿ ಎಲ್ಲರೂ ಹೋದರು. ಒಬ್ಬಳೇ ಕುಳಿತು ಬರೆಯುತ್ತಿದ್ದೇನೆ.

ರಾಜೀನಾಮೆ ಬರೆಯಬೇಡ. ನಾನು ಹೇಳುವುದನ್ನು ಸಮಾಧಾನದಿಂದ ಕೇಳು. ಆಟಿಯಲ್ಲಿ ಭೇದಿಯಿಂದ ಹೋಗುವ ಮಕ್ಕಳು ಪ್ರತಿ ವರ್ಷ ಇದ್ದಾರೆ. ತಾಯಿಯಿಲ್ಲದ ಕೂಸು ಉಳಿಯುವುದೇ ಕಷ್ಟವಿತ್ತು. ದಿನಚರಿಯಲ್ಲಿ ಭೇದಿ, ಜ್ವರ ಎಂದಷ್ಟೇ ಬರೆ. ಪೊಟ್ಟಣದ ವಿಷಯ ಬರೆಯಬೇಡ. ಬರೆದರೆ ನಿನ್ನನ್ನು ತೆಗೆಯುತ್ತಾರೆ. ಆ ಇಪ್ಪತ್ತಾರು ಮಕ್ಕಳಿಗೆ ಆಮೇಲೆ ಯಾರು? ಒಂದು ವರ್ಷ ಆ ಕೊಟ್ಟಿಗೆಗೆ ಬೀಗ ಬೀಳುತ್ತದೆ. ಸತ್ಯ ಹೇಳಿದ ಸಮಾಧಾನ ನಿನಗೆ, ಹಸಿವು ಅವರಿಗೆ. ಯೋಚನೆ ಮಾಡು.

ಆ ಮನೆಗೆ ಸ್ವಲ್ಪ ದಿನ ಹೋಗಬೇಡ. ಕಾಲು ತೊಳೆದು ಒಳಗೆ ಬಾ, ಊಟ ಮಾಡು. ಇದು ದಾಟುತ್ತದೆ.

ಪ್ರೇಮಾವತಿ


ಕಲ್ಲಂತಡ್ಕ
೨೬-೮-೧೯೫೯

ಪ್ರೇಮಕ್ಕನವರಿಗೆ,

ನಿಮ್ಮ ಕಾಗದ ಬರುವ ಮೊದಲೇ ದಿನಚರಿಯ ಪ್ರತಿ ಕಚೇರಿಗೆ ಹೋಗಿದೆ. ಪೊಟ್ಟಣ, ದಿನಾಂಕ, ನಾನು ಆಡಿದ ಮಾತು, ಎಲ್ಲ ಅದರಲ್ಲಿ ಉಂಟು. ಕಂಡದ್ದನ್ನು ಮಾತ್ರ ಬರೆ ಎಂದವರು ನೀವು. ಕಂಡದ್ದರಲ್ಲಿ ಅರ್ಧ ಬಿಡು ಎಂಬ ಪಾಠ ನನ್ನ ನೋಟ್ಸಿನಲ್ಲಿ ಸಿಗಲಿಲ್ಲ.

ಕುಂಞಿ ಮೋನು ಇವತ್ತು ನಿಮ್ಮ ಜುಲೈ ಹದಿಮೂರರ ಕಾಗದವನ್ನೂ ತಂದುಕೊಟ್ಟರು. ನಿನ್ನ ಕೈಯಿಂದ ಕಲಸು, ಉಳಿದದ್ದನ್ನು ಚೆಲ್ಲಿ ಬಾ ಎಂದು ಬರೆದಿದ್ದೀರಿ. ಉಳಿದದ್ದನ್ನು ಏಕೆ ಚೆಲ್ಲಬೇಕು? ನಿಮಗೆ ಗೊತ್ತಿತ್ತು ಪ್ರೇಮಕ್ಕ. ಜೂನ್ ತಿಂಗಳಲ್ಲೇ ನಾನು ಕಾರಣ ಕೇಳಿದ್ದೆ. ಚಹಾ, ನೆಂಟರು ಎಂದು ಬರೆದಿರಿ. ಆ ಕಾರಣ ಹಿಡಿದುಕೊಂಡು ಹೋಗಿ ಆ ಮನೆಯಲ್ಲಿ ಚಹಾ ಉಂಟಾ ಎಂದು ನೋಡಿದೆ. ಇರಲಿಲ್ಲ. ಹಾಗಾಗಿ ನಿಯಮ ಈ ಮನೆಗೆ ಅಲ್ಲ ಎಂದುಕೊಂಡೆ. ನಾನು ಮೂರ್ಖಳು, ಒಪ್ಪುತ್ತೇನೆ. ಆದರೆ ಮೂರ್ಖಳಿಗೂ ಅರ್ಥವಾಗುವ ಒಂದು ಸಾಲನ್ನು ನೀವು ಬರೆಯಬಹುದಿತ್ತು.

ಆ ಮನೆಗೆ ಹೋಗಬೇಡ ಎಂದಿರಿ. ಮನೆಯೇ ನನ್ನ ಬಳಿಗೆ ಬರುತ್ತದೆ. ಕಳೆದ ವಾರ ದೇವಮ್ಮ ಮಳೆಯಲ್ಲಿ ನಡೆದು ಬಂದು ನನಗೊಂದು ಸೌತೆಕಾಯಿ ಕೊಟ್ಟರು. "ನಿಮ್ಮ ಹಾಲು ಕುಡಿದು ಕೂಸು ಹದಿನೈದು ದಿನ ನಗಾಡ್ತಾ ಇತ್ತು ಟೀಚರೇ. ಇಲ್ಲದಿದ್ರೆ ಅಷ್ಟೂ ಇಲ್ಲ. ನಿಮ್ಮ ಉಪಕಾರ ಮರೀಲಿಕ್ಕಿಲ್ಲ" ಎಂದರು. ಕಂಪೌಂಡರು ಏನೋ ಹೇಳಿದ್ದು ಅವರ ತಲೆಗೆ ಹೋಗಿಲ್ಲ. ಆಟಿಯ ಕಂಟಕ ಎಂದು ನಂಬಿದ್ದಾರೆ. ಸೌತೆಕಾಯಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡೆ. ಬೇರೆ ಏನು ಮಾಡಲಿ? ಅದು ಇನ್ನೂ ಮೂಲೆಯಲ್ಲಿ ಉಂಟು, ಕೊಯ್ಯಲು ಆಗಲಿಲ್ಲ.

ಇದಕ್ಕಿಂತ ದೊಡ್ಡ ಭಯ ಬೇರೆ. ಅವರ ನೆರೆಮನೆಯ ಕುಮುದಿನಿಗೆ ಮಗುವಾಗಿ ತಿಂಗಳು, ಎದೆಹಾಲು ಸಾಲದು. ಟೀಚರಲ್ಲಿ ಪುಡಿ ಕೇಳು, ಬೆಳಿಗ್ಗೆ ಕಲಸಿ ಒಲೆ ಬದಿಯಲ್ಲಿಡು ಎಂದು ದೇವಮ್ಮನೇ ಅವಳಿಗೆ ಹೇಳಿಕೊಟ್ಟಿದ್ದಾರೆ. ನಾನು ನಿಜ ಹೇಳದಿದ್ದರೆ ಇನ್ನೊಂದು ಮಗು. ಹೇಳಿದರೆ, ನಿಮ್ಮ ಕೈಯಾರೆ ಕುಡಿಸಿದ್ದೇ ವಿಷವಾಯಿತು ಎಂದು ಆ ಮುದುಕಿಗೆ ಹೇಳಿದ ಹಾಗೆ. ಅತ್ತ ದರಿ, ಇತ್ತ ಪುಲಿ. ಮನೆಗೆ ಕೊಡುವಷ್ಟು ಪುಡಿ ಉಳಿದಿಲ್ಲ ಎಂದು ಕುಮುದಿನಿಗೆ ಸುಳ್ಳು ಹೇಳಿ, ಸಂಜೆ ನಾನೇ ಹೋಗಿ ಕಲಸಿ ಕುಡಿಸಿ ಬರುತ್ತಿದ್ದೇನೆ. ಇದು ಎಷ್ಟು ದಿನ ನಡೆಯುತ್ತದೆ?

ಕಾಲನ್ನು ದಿನಾ ತೊಳೆಯುತ್ತೇನೆ. ಇದು ಕಾಲಿಗೆ ಹತ್ತಿದ್ದಲ್ಲ ಪ್ರೇಮಕ್ಕ.

ವಸುಮತಿ


ಪುತ್ತೂರು
೨೦-೯-೧೯೫೯

ವಸುಮತಿ,

ಇಪ್ಪತ್ತೈದು ದಿನ ಉತ್ತರ ಬರೆಯಲಿಲ್ಲ. ಬರೆದು ಹರಿದದ್ದು ಐದು. ಇದು ಆರನೆಯದು.

೧೯೫೧ರಲ್ಲಿ ನಾನು ಇಲ್ಲೇ ಸಮೀಪದ ಸವಣೂರಿನ ಕಡೆ ಕೆಲಸದಲ್ಲಿದ್ದೆ. ಝೈನಬ ಎಂಬವಳಿಗೆ ಜ್ವರ ಬಂದು ಹಾಲು ಬತ್ತಿತ್ತು, ಮಗುವಿಗೆ ನಾಲ್ಕು ತಿಂಗಳು. ಹಾಲಿನ ಪುಡಿ ಆಗ ಹೊಸತು. ನಾನು ಪೊಟ್ಟಣ ಕಟ್ಟಿ ಕೊಟ್ಟೆ. ನಿನ್ನಂತೆಯೇ ನೀರು ಕುದಿಸಲು ಹೇಳಿದೆ. ಕಲಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂದು ನನಗೂ ಗೊತ್ತಿರಲಿಲ್ಲ. ಹೆಣ್ಣುಮಗು. ಒಂಬತ್ತು ದಿನದಲ್ಲಿ ಹೋಯಿತು.

ನನ್ನ ಮೇಲಿನವರು, ಈಗ ಅವರು ಇಲ್ಲ, ವರದಿಯಲ್ಲಿ ಭೇದಿ ಎಂದು ಬರೆ, ಪೊಟ್ಟಣ ಬರೆಯಬೇಡ ಎಂದರು. ಬರೆಯಲಿಲ್ಲ. ಆಮೇಲೆ ಅವರೂ ನಾನೂ ಕುಳಿತು ಒಂದು ನಿಯಮ ಮಾಡಿದೆವು. ನೀನು ಗೋಡೆಗೆ ಸುಣ್ಣದಲ್ಲಿ ಬರೆದದ್ದು ಅದೇ. ಕಾರಣ ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿಯಾರು. ಅದಕ್ಕೇ ಕಾರಣವನ್ನು ಬಿಟ್ಟು ನಿಯಮವನ್ನು ಮಾತ್ರ ಕಲಿಸಿದೆ. ಎಂಟು ವರ್ಷ, ಎಷ್ಟು ತಂಡ! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಚಹಾದ ಕಥೆ ಹೇಳಲು ಸುಲಭವಿತ್ತು.

ಕಾಲು ತೊಳೆಯುವುದೂ ಸುಳ್ಳು. ಹುಡುಗಿಯರಿಗೆ ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಆ ಮಗುವನ್ನು ನಾನು ಒಂದು ದಿನವೂ ಹೊರಗೆ ಬಿಟ್ಟು ಬಂದದ್ದಿಲ್ಲ.

ಕಳೆದ ಸೋಮವಾರ ಅಧಿಕಾರಿಗಳ ಬಳಿ ಹೋಗಿ ಎಲ್ಲ ಹೇಳಿದೆ. ನಿನ್ನ ದಿನಚರಿ ಅವರ ಮೇಜಿನ ಮೇಲೆಯೇ ಇತ್ತು. ನಿನಗೆ ಎಚ್ಚರಿಕೆಯ ಪತ್ರ ಬರುತ್ತದೆ, ಕೆಲಸ ಉಳಿಯುತ್ತದೆ. ನನ್ನನ್ನು ತರಬೇತಿಯಿಂದ ಬಿಡಿಸಿದ್ದಾರೆ. ಇನ್ನು ಕಾಗದಪತ್ರ ಜೋಡಿಸುವ ಕೆಲಸ. ಅದು ನ್ಯಾಯವೇ. ಹೊರಡುವ ಮೊದಲು ಆ ಹನ್ನೊಂದು ಹುಡುಗಿಯರಿಗೆ ನಿಯಮವನ್ನು ಕಾರಣದ ಸಮೇತ ಹೇಳಿದೆ. ನಿನ್ನ ಹೆಸರು ಬರೆದುಕೊಂಡಿದ್ದ ಹುಡುಗಿ ಅತ್ತಳು.

ನಿನ್ನೆ ಸವಣೂರಿಗೂ ಹೋದೆ. ಝೈನಬಳಿಗೆ ಹೇಳಿ ಬರೋಣವೆಂದು. ಪೇಟೆಯಲ್ಲೇ ಸಿಕ್ಕಿದಳು. "ಅಮ್ಮಾ, ಎಷ್ಟು ಸಮಯ ಆಯ್ತು ನೋಡಿ! ಮನೆಗೆ ಬನ್ನಿ, ಪತ್ತಿರಿ ಮಾಡ್ತೇನೆ" ಎಂದು ಕೈ ಹಿಡಿದಳು. ಅವಳಿಗೆ ಈಗ ಮೂವರು ಮಕ್ಕಳು. ಪತ್ತಿರಿ ತಿಂದೆ. ಹೇಳಲಿಲ್ಲ. ಬಸ್ಸು ಹತ್ತಿ ಬಂದೆ.

ದೇವಮ್ಮನಿಗೆ ಏನು ಹೇಳಬೇಕೆಂದು ಕೇಳಿದ್ದೀ. ನನ್ನಿಂದ ಆಗದ್ದನ್ನು ಮಾಡು ಎಂದು ಹೇಳಲು ನನಗೆ ಬಾಯಿಲ್ಲ. ಮಾಡಬೇಡ ಎಂದು ಹೇಳಿ ಒಮ್ಮೆ ನೋಡಿದ್ದಾಯಿತು.

ಪ್ರೇಮಾವತಿ


ಕಲ್ಲಂತಡ್ಕ
೧೧-೧೦-೧೯೫೯

ಪ್ರೀತಿಯ ಪ್ರೇಮಕ್ಕ,

ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೇ ಇರಬೇಕೆಂದು ಎರಡು ದಿನ ಪ್ರಯತ್ನಿಸಿದೆ. ಆಗಲಿಲ್ಲ. ಮೂರನೆಯ ದಿನ ದೇವಮ್ಮನ ಮನೆಗೆ ಹೋದೆ. ಅಮ್ಮು ಗುಡ್ಡಕ್ಕೆ ಸೊಪ್ಪು ತರಲು ಹೋಗಿದ್ದಳು. ಅಜ್ಜಿ ಅಂಗಳದಲ್ಲಿ ಗೆರಸೆ ಹಿಡಿದು ಅಕ್ಕಿ ಕೇರುತ್ತಿದ್ದರು. ಕುಳಿತುಕೊಳ್ಳದೆ ನಿಂತೇ ಹೇಳಿದೆ. ಹಾಲು ಕೆಟ್ಟದ್ದು ಹೇಗೆ, ನಾನು ಹೇಳಿದ್ದು ಏನು, ಹೇಳದೆ ಉಳಿದದ್ದು ಏನು, ಎಲ್ಲ ಹೇಳಿದೆ.

ಗೆರಸೆ ನಿಂತಿತು. ಆಮೇಲೆ, "ಒಲೆ ಬದಿಯಲ್ಲಿ ಇಟ್ಟದ್ದು ನಾನಲ್ವಾ?" ಎಂದರು.

"ಇಡುವ ಹಾಗೆ ಹೇಳಿದ್ದು ನಾನು ಅಜ್ಜಿ."

"ಸಂಜೆ ಹುಳಿ ವಾಸನೆ ಬಂದಿತ್ತು. ಪುಡಿ ಹಾಲಿನ ವಾಸನೆಯೇ ಹಾಗೆ ಅಂತ ಎಣಿಸಿದೆ." ನನ್ನ ಕಡೆ ನೋಡದೆ ಹೇಳಿದರು: "ಅಮ್ಮುವಿಗೆ ಇದು ಹೇಳ್ಬೇಡಿ ಟೀಚರೇ. ಆ ಪೊಟ್ಟಣ ಹೊತ್ತುಕೊಂಡು ಬಂದದ್ದು ಅವಳು. ನಾನು ಮುದುಕಿ, ನನಗೆ ಇನ್ನು ಎಷ್ಟು ದಿನ ಹೊರ್ಲಿಕ್ಕುಂಟು? ಅವಳಿಗೆ ತುಂಬಾ ದಿನ ಉಂಟು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಕ್ಕಳ ವಿಷಯದಲ್ಲಿ ಮಾತು ಕೊಡಬಾರದು ಎಂದು ನೀವು ಕಲಿಸಿದ್ದಿರಿ, ಕೊಟ್ಟುಬಿಟ್ಟೆ. ಆ ದಿನ ಬೆಲ್ಲ-ನೀರು ಕೊಡಲಿಲ್ಲ. ಕೂತುಕೊಳ್ಳಿ ಎನ್ನಲೂ ಇಲ್ಲ. ನಾನು ಸಂಕದವರೆಗೆ ಬಂದರೂ ಗೆರಸೆಯ ಸದ್ದು ಮತ್ತೆ ಕೇಳಲಿಲ್ಲ.

ಮರುದಿನ ಕುಮುದಿನಿಯ ಮನೆಗೆ ಹೋದಾಗ ಅವಳೇ ಹೇಳಿದಳು, "ಅಜ್ಜಿ ಬಂದಿದ್ರು. ಕಲಸಿದ ಹಾಲು ಇಡ್ಲೇಬೇಡ, ಟೀಚರ್ ಎದುರಿಗೇ ಕುಡಿಸು ಅಂದ್ರು. ಯಾಕೆ ಅಂತ ಕೇಳಿದ್ರೆ ಹೇಳ್ಲಿಲ್ಲ, ಎದ್ದು ಹೋದ್ರು." ಅಲ್ಲಿ ಕುಳಿತು ಏಕೆ ಎಂಬುದನ್ನು ನಾನು ಹೇಳಿದೆ, ಯಾರ ಮಗು ಎಂಬುದನ್ನು ಬಿಟ್ಟು. ಅವಳಿಗೆ ಗೊತ್ತಾಗಿರಬೇಕು. ತನ್ನ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಗೋಡೆಯ ನಿಯಮದ ಕೆಳಗೆ ಕಾರಣವನ್ನೂ ಬರೆದಿದ್ದೇನೆ. ಇಲ್ಲಿ ಓದಲು ಬರುವವರು ನಾಲ್ಕು ಮಂದಿ. ಉಳಿದವರಿಗೆ ಮನೆಮನೆಗೆ ಹೋಗಿ ಬಾಯಲ್ಲೇ ಹೇಳುತ್ತೇನೆ. ರಾಜೀನಾಮೆ ಬರೆಯಲಿಲ್ಲ. ಧೈರ್ಯದಿಂದ ಅಲ್ಲ, ಕುಮುದಿನಿಯ ಮಗುವಿಗೆ ಸಂಜೆ ಹಾಲು ಕಲಸಲು ಬೇರೆ ಯಾರೂ ಇಲ್ಲ, ಅದಕ್ಕೆ. ದೀಪಾವಳಿಗೆ ಚನಿಯಪ್ಪ ಬರುತ್ತಾನೆ, ಮಗನಿಗೆ ಹೆಸರಿಡಲು. ಆ ದಿನ ನಾನು ಎಲ್ಲಿರಬೇಕು, ಏನು ಹೇಳಬೇಕು, ತಿಳಿಯುತ್ತಿಲ್ಲ.

ಅಮ್ಮು ದಿನಾ ಬರುತ್ತಾಳೆ. ಹಾಡು ಹೇಳುತ್ತಾಳೆ. ಹತ್ತು ಗಂಟೆಗೆ ಗೆರಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಅರ್ಧ ಕುಡಿಯುತ್ತಾಳೆ, ಉಳಿದದ್ದಕ್ಕೆ ಎಲೆ ಮುಚ್ಚಿ ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಾಳೆ. ಯಾರಿಗೆ ಅಮ್ಮು ಎಂದು ಒಮ್ಮೆ ಕೇಳಿದೆ. "ಗೊತ್ತಿಲ್ಲ ಟೀಚರೇ. ಪೂರ್ತಿ ಕುಡೀಲಿಕ್ಕೆ ಆಗುದಿಲ್ಲ" ಎಂದಳು.

ಇಲ್ಲಿಯೇ ಕುಡಿಯಬೇಕು ಎಂದು ಈಗ ಅವಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಚೆಲ್ಲಲು ಕೈಯೂ ಬರುವುದಿಲ್ಲ. ಮಕ್ಕಳೆಲ್ಲ ಹೋದ ಮೇಲೆ ಎಲೆ ತೆಗೆದು ಆ ಅರ್ಧವನ್ನು ನಾನೇ ಕುಡಿಯುತ್ತೇನೆ. ಅಷ್ಟು ಹೊತ್ತಿಗೆ ಅದು ತಣ್ಣಗಾಗಿರುತ್ತದೆ.

ನಿಮ್ಮ
ವಸುಮತಿ